ಕ್ಯಾನ್ಸರಿನಿಂದ ಗುಣ ಹೊಂದಿದ ಮಗುವಿನ ಊಟದ ವೇಳೆ

ರಕ್ತದ ಕ್ಯಾನ್ಸರಿಗೆ ತುತ್ತಾಗಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆ ಚಿಕಿತ್ಸೆ ಪಡೆದು ಗುಣ ಹೊಂದಿದ ಮಕ್ಕಳು ಇಂದು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಅಂತಹ ಮಗುವಿನ ತಂದೆತಾಯಿಗಳು ನೀವಾಗಿದ್ದರೆ, ರೋಗ ಹೋಯಿತೆಂದು ತಪಾಸಣೆಯನ್ನು ಬಿಡಕೂಡದು. ಜೀವವನ್ನು ಉಳಿಸಿದ ಔಷಧಿಗಳಲ್ಲಿಯೇ ಕೆಲವು, ಹಲವು ವರ್ಷಗಳ ಅನಂತರ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲವು. ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ ಬೇಗನೆ ತಲೆದೋರಬಹುದು.

'ಸೊರಗಿದ ಕೂಸು' ಎಂಬ ಮರುಕದಿಂದ ಅಜ್ಜಿಯಂದಿರು ಮಲಗುವ ಹೊತ್ತಿನಲ್ಲಿಯೂ ಬೋಂಡ, ಬಿಸ್ಕತ್ತು ಕೊಡುವುದುಂಟು. ಪ್ರೀತಿ ಸರಿಯೇ, ವೇಳೆ ಸರಿಯಲ್ಲ. ಮುಂಜಾನೆ 7 ಗಂಟೆಗೆ ಅಂಬಲಿ ಕುಡಿದ ಮಗು ಸಂಜೆ 7 ಗಂಟೆಯೊಳಗೆ ಮುದ್ದೆ, ಸೊಪ್ಪಿನ ಸಾರು ಉಂಡು ಮುಗಿಸಲಿ. ಹಗಲಿನಲ್ಲಿ ಹೊಟ್ಟೆತುಂಬ ಕೊಡಿರಿ.

ಊಟದ ಅವಧಿಯನ್ನು 8-10 ಗಂಟೆಗಳಿಗೆ ಇಳಿಸುವ ಪದ್ಧತಿಯನ್ನು ವಯಸ್ಕರಲ್ಲಿ ಪರೀಕ್ಷಿಸಲಾಗುತ್ತಿದೆ. ಬೆಳೆಯುವ ಮಕ್ಕಳಿಗೆ ನೀವಾಗಿಯೇ ಅದನ್ನು ಹೇರಬೇಡಿರಿ. ಚಿಕಿತ್ಸೆ ನಡೆಯುತ್ತಿರುವವರೂ ಇನ್ಸುಲಿನ್ ಪಡೆಯುವವರೂ ವೈದ್ಯರ ಅಪ್ಪಣೆಯಿಲ್ಲದೆ ಉಪವಾಸ ಮಾಡಲಾಗದು.

ರೂಢಿಯು ಒಂದು ದಿನದ ಮಾತಿನಿಂದ ಬದಲಾಗದು. ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತೆಯೊಡನೆ ಕುಳಿತು ಮಗುವಿನ ತೂಕ, ಆಟ, ನಿದ್ರೆಗಳನ್ನು ಚರ್ಚಿಸಿರಿ. ಆಗ ತಂದೆಯೂ ಜೊತೆಗಿರಲಿ. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಜೋಪಾನವಾಗಿಟ್ಟು, ಯಾವ ವೈದ್ಯರ ಬಳಿ ಹೋದರೂ ತೋರಿಸಿರಿ. ಯಾವ ಚಿಕಿತ್ಸೆ ನಡೆದಿದೆಯೆಂಬುದು ಅವರಿಗೆ ಅದರಿಂದಲೇ ತಿಳಿಯಬೇಕು.