ಬಸಿರಿಗೆ ಗುಳಿಗೆ ಉಂಟು, ರೋಗಕ್ಕೆ?

ಯಾದಗಿರಿ: ಕತ್ತಲಾದ ಮೇಲೆ ಔಷಧಿ ಅಂಗಡಿಗೆ ಬರುವ ಗಿರಾಕಿ ಮೊದಲು ಜ್ವರದ ಗುಳಿಗೆ ಕೇಳುತ್ತಾನೆ. ಪಕ್ಕದವರು ಹೋಗುವವರೆಗೆ ಕಾದು, ದನಿ ಇಳಿಸಿ, "ಅಣ್ಣಾರ, ಆ 72 ತಾಸಿನ ಗುಳಗಿ ಕೊಡ್ರಿ" ಎನ್ನುತ್ತಾನೆ. ನಿರೋಧ್ ಕಣ್ಣೆದುರೇ ಇದ್ದರೂ ಕೇಳುವುದಿಲ್ಲ. ಶಹಾಪುರವಾಗಲಿ, ಸುರಪುರವಾಗಲಿ, ನಾಚಿಕೆ ಒಂದೇ. (ಗುರುತಿನವರು ಕಂಡಾರೆಂದು ಪಕ್ಕದೂರಿಗೆ ಬಸ್ ಹತ್ತುವವರೂ ಉಂಟು. ಟಿಕೆಟ್ಟಿನ ದುಡ್ಡು ಬೇರೆ ದಂಡ!)

ಅಂದರೆ ಗಿರಾಕಿಯ ಹೆದರಿಕೆ ಬಸಿರಿನದು, ರೋಗದ್ದಲ್ಲ. ಆ ಗುಳಿಗೆ ಬಸಿರು ತಡೆದೀತು. ಎಚ್‌ಐವಿಯನ್ನಾಗಲಿ, ಪರಂಗಿ ಹುಣ್ಣನ್ನಾಗಲಿ ತಡೆಯದು. ಎರಡಕ್ಕೂ ಅಡ್ಡ ನಿಲ್ಲುವುದು ನಿರೋಧ್.

1968ರಲ್ಲಿ ಸರ್ಕಾರ 15 ಪೈಸೆಗೆ 3 ನಿರೋಧ್ ಮಾರಲು ಹೊರಟಾಗ ಮಾತಿದ್ದುದು ಮಕ್ಕಳ ಲೆಕ್ಕದ್ದು. 1986ರಲ್ಲಿ ಮದ್ರಾಸಿನಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಅದರ ಅರ್ಥವೇ ಬದಲಾಯಿತು. ಕರ್ನಾಟಕವೂ ಸೇರಿದ ದಕ್ಷಿಣದ ರಾಜ್ಯಗಳಲ್ಲಿ ತಪಾಸಣೆಗೆ ಬಂದ 15ರಿಂದ 24 ವಯಸ್ಸಿನ ಗರ್ಭಿಣಿಯರಲ್ಲಿ ಎಚ್‌ಐವಿ 2000ದಲ್ಲಿ ನೂರಕ್ಕೆ 1.7 ಇದ್ದುದು 2004ಕ್ಕೆ 1.1ಕ್ಕಿಳಿಯಿತೆಂದು 2006ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆ ಬರೆಯಿತು. ಗಂಡಸರು ಲೈಂಗಿಕ ಕಾರ್ಯಕರ್ತೆಯರ ಬಳಿ ಹೋಗುವುದು ಕಡಿಮೆಯಾಗಿರಬೇಕು, ಇಲ್ಲವೇ ನಿರೋಧ್ ಹಿಡಿದಿರಬೇಕು ಎಂದು ಅದರ ಊಹೆ. ರೋಗಕ್ಕೆ ಹೆದರಿ ನಿರೋಧ್ ಹಿಡಿದ ಕಡೆ ಬೇಡದ ಬಸಿರೂ, ಗರ್ಭಪಾತವೂ ತಪ್ಪಿದಂತೆಯೇ.

ಈ ಕಡೆಯ ತೊಡಕು ಆಪರೇಷನ್ನಿನದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಚಿಕಿತ್ಸೆ ಆದವರು. "ಆಪರೇಷನ್ ಆಗ್ಯಾದಲ್ಲ, ಇನ್ಯಾಕ ನಿರೋಧ?" ಎನ್ನುವ ಗಂಡ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿ ಆರು ತಿಂಗಳ ಮೇಲೆ ಮನೆಗೆ ಬರುತ್ತಾನೆ. ಹೆಂಡತಿಗೆ ಬಸಿರಿನ ಹೆದರಿಕೆ ಇಲ್ಲ, ರೋಗದಿಂದ ಕಾವಲೂ ಇಲ್ಲ. "ಒಮ್ಮೆ ರಕ್ತ ಪರೀಕ್ಷೆ ಮಾಡಿಸ್ರಿ" ಎಂದು ಬಾಯಿಬಿಟ್ಟರೆ, ಸಂಶಯ ಪಟ್ಟಳೆಂದು ಏಟು ಬಿದ್ದೀತು!

ಆಪರೇಷನ್ ಆಗದವಳ ಪಾಡು ಬೇರೆ. ಊರವರ ಬಾಯಿಗೆ ಹೆದರಿ, ಡಾಕ್ಟರ ಚೀಟಿಯಿಲ್ಲದೆ ಗರ್ಭಪಾತದ ಗುಳಿಗೆ ತರಿಸಿ ನುಂಗಿದವಳಿಗೆ ರಕ್ತ ನಿಲ್ಲದಾದಾಗಲೇ ಆಸ್ಪತ್ರೆ ನೆನಪಾಗುವುದು. 1972ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾಯ್ದೆಯಂತೆ 18 ತುಂಬಿದವಳಿಗೆ ಗಂಡನ ಸಹಿ ಬೇಕಿಲ್ಲ, ಆಕೆಯದೇ ಸಾಕು. ಗರ್ಭನಿರೋಧಕ ಕೈಕೊಟ್ಟಿತೆಂಬ ಕಾರಣ 2021ರ ತಿದ್ದುಪಡಿಯ ನಂತರ ಮದುವೆಯಾಗದವಳಿಗೂ ಸಲ್ಲುತ್ತದೆ. ಆಕೆಯ ಹೆಸರು ಬಯಲು ಮಾಡಿದ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಎಚ್‌ಐವಿ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಅನುಮಾನ ಕೇಳಲು ಫೋನ್ ನಂಬರ್ 1097, ಅದಕ್ಕೂ ದುಡ್ಡಿಲ್ಲ.