ಬಾಬಾಬುಡನ್‌ಗಿರಿಯ ಕಾಫಿ: ದೇಶನಾಮ, ದರ್ಜೆ, ಬೆಲೆಗಳ ವಿಚಾರ

ಶಬ್ದಕ್ಕೆ ಅರ್ಥವುಂಟಾಗುವ ಬಗೆಯನ್ನು ಶಾಸ್ತ್ರಕಾರರು ಯೌಗಿಕ, ರೂಢ, ಯೋಗರೂಢ ಎಂದು ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಡುವವನಿಗೆ ಪಾಚಕನೆಂಬ ಹೆಸರು ಅವಯವಾರ್ಥದಿಂದಲೇ ಸಿದ್ಧಿಸುತ್ತದೆ. ಕೆಸರಿನಲ್ಲಿ ಹುಟ್ಟುವ ವಸ್ತುಗಳು ಅನೇಕವಿದ್ದರೂ ಪಂಕಜವೆಂದರೆ ತಾವರೆಯೇ. ತಿಲದಿಂದ ಬಂದುದು ತೈಲವೆಂಬುದು ಮೊದಲಿನ ಅರ್ಥವಾದರೂ ಸಾಸಿವೆಯಿಂದ ತೆಗೆದುದೂ ತೈಲವೆನ್ನಿಸಿಕೊಂಡಿತು. ಕನ್ನಡದ ‘ಎಣ್ಣೆ’ಯ ಕಥೆಯೂ ಇದೇ. ಎಳ್, ನೆಯ್ ಎಂಬೆರಡು ಪದಗಳು ಕೂಡಿ ಆ ಶಬ್ದವಾಯಿತು. ಆ ಮೂಲವು ಮರೆತುಹೋದುದರಿಂದಲೇ ಈಗ ‘ಎಳ್ಳೆಣ್ಣೆ’ ಎಂದು ಎಳ್ಳನ್ನು ಎರಡು ಸಲ ಹೇಳಬೇಕಾಗಿದೆ. ಈ ವಿಭಾಗವು ಕಾವ್ಯಮೀಮಾಂಸೆಯ ಪಾಠಕ್ಕೆ ಮಾತ್ರ ಉಪಯೋಗವಾಗತಕ್ಕದ್ದೆಂದು ತಿಳಿಯಬೇಕಾದುದಿಲ್ಲ. ಅಂಗಡಿಬೀದಿಯ ಹೆಸರುಗಳನ್ನು ಅರಿಯುವುದಕ್ಕೂ ಇದು ಬೇಕು. ಕಾಫಿಯ ಮೂಟೆಯ ಮೇಲೆ ಒಂದು ಊರಿನ ಅಥವಾ ಸೀಮೆಯ ಹೆಸರಿರುತ್ತದೆ, ಒಂದು ದರ್ಜೆಯ ಹೆಸರಿರುತ್ತದೆ, ಅದಕ್ಕೊಂದು ಬೆಲೆಯಿರುತ್ತದೆ. ಊರು ಒಳ್ಳೆಯದಾದುದರಿಂದ ದರ್ಜೆ ಮೇಲಾಯಿತು, ದರ್ಜೆ ಮೇಲಾದುದರಿಂದ ಬೆಲೆ ಹೆಚ್ಚಾಯಿತು ಎಂದು ಕೊಳ್ಳುವವನು ಸಾಮಾನ್ಯವಾಗಿ ಭಾವಿಸುತ್ತಾನೆ. ಈ ಮೂರೂ ಬೇರೆ ಬೇರೆ ಕಾರಣಗಳಿಂದ ಹುಟ್ಟಿದವು. ಅವುಗಳಿಗೆ ಪರಸ್ಪರ ಇರುವ ಸಂಬಂಧವು ತೋರುವಷ್ಟು ಗಟ್ಟಿಯಾದುದಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿಯ ಕಾಫಿಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗುವುದು.

‘ಕಾಫಿ’ಯೆಂಬ ಪದವು ದೂರದಿಂದ ಬಂದುದು. ಅರಬ್ಬಿಯ ‘ಕಹ್ವ’ವು ತುರ್ಕಿಯಲ್ಲಿ ‘ಕಹ್ವೆ’ಯಾಗಿ, ಡಚ್ಚರಲ್ಲಿ ‘ಕೋಫಿ’ಯಾಗಿ, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಇಳಿಯಿತು. ಅರಬ್ಬಿಯಲ್ಲಿ ಆ ಪದವು ಪಾನೀಯಕ್ಕೆ ಸಲ್ಲುತ್ತದೆ. ಬೀಜಕ್ಕೆ ‘ಬುನ್ನ್’ ಎಂಬ ಬೇರೆ ಪದವುಂಟು. ಕನ್ನಡದಲ್ಲಿ ಗಿಡ, ಹಣ್ಣು, ಬೀಜ, ಪುಡಿ, ಪಾನೀಯ ಈ ಐದಕ್ಕೂ ಒಂದೇ ಹೆಸರು. ಪ್ರಕರಣದಿಂದ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು.

ಬಾಬಾಬುಡನ್ ಎಂಬ ಸೂಫೀ ಸಾಧುಗಳು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಕಾಲವನ್ನು ಕೆಲವರು 1600ರ ಸುಮಾರೆಂದೂ ಕೆಲವರು 1670ರ ಸುಮಾರೆಂದೂ ಹೇಳುತ್ತಾರೆ. ಏಳೆಂಬುದು ಐತಿಹ್ಯಗಳಿಗೆ ಪ್ರಿಯವಾದ ಸಂಖ್ಯೆ. ಅದನ್ನು ಬಿಟ್ಟುಬಿಟ್ಟರೂ ಬೀಜವು ಯೆಮೆನಿನದೆಂಬ ಅಂಶಕ್ಕೆ ಸಸ್ಯಶಾಸ್ತ್ರದ ಬೆಂಬಲವಿದೆ. ಭಾರತದ ಹಳೆಯ ಅರೇಬಿಕಾ ತಳಿಗಳು ಯೆಮೆನಿನಿಂದ ಹೊರಟ ವಂಶಗಳಿಗೇ ಸೇರಿದವೆಂದು ಇತ್ತೀಚಿನ ವಂಶಪರೀಕ್ಷೆಗಳು ತೋರಿಸಿವೆ. ಡಚ್ಚರು 1696ರಲ್ಲಿಯೂ, ಆ ಸಸಿಗಳು ಹಾಳಾದ ಮೇಲೆ 1699ರಲ್ಲಿಯೂ, ಮಲಬಾರ ಕರಾವಳಿಯಿಂದ ಜಾವಾ ದ್ವೀಪಕ್ಕೆ ಕಾಫಿಯನ್ನು ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋದ ಗಿಡದ ಸಂತತಿಯೇ ಮುಂದೆ ಅಮೆರಿಕಾ ಖಂಡದಲ್ಲಿ ಹಬ್ಬಿತು.

ಚಂದ್ರದ್ರೋಣದ ಸುತ್ತಿನಲ್ಲಿ ಕಾಫಿಯು ಬಹುಕಾಲ ಹಿತ್ತಿಲ ಬೆಳೆಯಾಗಿಯೇ ಇದ್ದಿತು. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಎಂಬ ಆಂಗ್ಲೇಯನು ಚಿಕ್ಕಮಗಳೂರಿನ ಬಳಿ ಕ್ರಮವಾದ ತೋಟವನ್ನು ಮಾಡಿದನು. ಆದರೆ ಅಂದು ಬಿತ್ತಿದ ಬೀಜದ ವಂಶವೇ ಇಂದಿಗೂ ಆ ಬೆಟ್ಟದಲ್ಲಿ ಬೆಳೆಯುತ್ತಿದೆಯೆಂದು ತಿಳಿಯುವುದು ಸರಿಯಲ್ಲ. ‘ಚಿಕ್’ ಎಂದು ಕರೆಯುತ್ತಿದ್ದ ಹಳೆಯ ತಳಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವಿಗೂ ಎಲೆತುಕ್ಕು ರೋಗಕ್ಕೂ ಸಿಕ್ಕಿ ಕ್ಷೀಣಿಸಿತು. ಅದರ ಸ್ಥಾನಕ್ಕೆ ‘ಕೂರ್ಗ್’ ತಳಿಯೂ, ತರುವಾಯ ‘ಕೆಂಟ್ಸ್’ ತಳಿಯೂ ಬಂದವು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪಿತವಾದ ಸಂಶೋಧನಾಲಯದಿಂದ 1940ರ ದಶಕದಲ್ಲಿ ಹೊರಬಂದ ‘ಎಸ್. 795’ ಎಂಬುದು ಕೆಂಟ್ಸ್ ತಳಿಯನ್ನು ಮತ್ತೊಂದರೊಡನೆ ಕೂಡಿಸಿ ಮಾಡಿದುದು. ಆ ಮತ್ತೊಂದರ ಪೂರ್ವಜರಲ್ಲಿ ಆಫ್ರಿಕದ ಲೈಬೀರಿಕಾ ಜಾತಿಯೂ ಸೇರಿದೆ. ಆದಕಾರಣ ‘ಬಾಬಾಬುಡನ್‌ಗಿರಿಯ ಕಾಫಿ’ ಎಂಬಲ್ಲಿ ದೇಶವು ಅರ್ಥವೇ ಹೊರತು ವಂಶವು ಅರ್ಥವಲ್ಲ. ಸುಮಾರು 1,000ದಿಂದ 1,500 ಮೀಟರು ಎತ್ತರದ ತಂಪಿನಲ್ಲಿ, ಮರದ ನೆರಳಿನಲ್ಲಿ, ಹಣ್ಣು ನಿಧಾನವಾಗಿ ಮಾಗುವುದರಿಂದ ಬರುವ ರುಚಿಗೆ ಆ ಹೆಸರು ಸಲ್ಲುತ್ತದೆ.

ಹೀಗೆ ದೇಶನಾಮವು ಯೌಗಿಕವಾಗಿ ನಿಂತಿರುವುದು ಈ ವ್ಯಾಪಾರದಲ್ಲಿ ಅಪರೂಪವೆಂದೇ ಹೇಳಬೇಕು. ‘ಮೋಕಾ’ ಎಂಬುದನ್ನು ನೋಡಿರಿ. ಅದು ಕೆಂಪು ಸಮುದ್ರದ ದಡದಲ್ಲಿರುವ ಯೆಮೆನಿನ ರೇವು; ಮರಳುಗಾಡಿನ ಆ ಪಟ್ಟಣದಲ್ಲಿ ಕಾಫಿಯ ಒಂದು ಗಿಡವೂ ಬೆಳೆಯುವುದಿಲ್ಲ. ಒಳನಾಡಿನ ಬೆಟ್ಟಗಳ ಕಾಫಿಯು ಅಲ್ಲಿ ಹಡಗು ಹತ್ತುತ್ತಿದ್ದುದರಿಂದ ರೇವಿನ ಹೆಸರೇ ಬೀಜಕ್ಕಾಯಿತು. ವ್ಯಾಪಾರವು ಏಡನ್ ಮುಂತಾದ ರೇವುಗಳಿಗೆ ಹೋದ ಮೇಲೂ ಹೆಸರು ಉಳಿಯಿತು. ಈಗಂತೂ ಹೋಟೆಲುಗಳಲ್ಲಿ ಮೋಕಾ ಎಂದರೆ ಚಾಕೊಲೇಟು ಬೆರೆಸಿದ ಕಾಫಿ. ತೈಲದ ಗತಿಯೇ ಅದಕ್ಕೂ ಆಗಿದೆ. ‘ಮಾನ್ಸೂನ್ಡ್ ಮಲಬಾರ್’ ಎಂಬುದು ಇನ್ನೊಂದು ಬಗೆ. ಹಡಗುಗಳು ಆಫ್ರಿಕವನ್ನು ಸುತ್ತಿ ಯೂರೋಪಿಗೆ ಹೋಗುತ್ತಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವವನ್ನು ಹೀರಿ ಬೀಜವು ಉಬ್ಬಿ ಬಣ್ಣಗೆಡುತ್ತಿದ್ದಿತು. ಅಲ್ಲಿಯವರಿಗೆ ಆ ಕೆಟ್ಟ ಬೀಜದ ರುಚಿಯೇ ಹಿಡಿಸಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಪ್ರಯಾಣವು ಕಿರಿದಾದ ಮೇಲೆ ಆ ರುಚಿಯನ್ನು ಬೇಕೆಂದೇ ಉಂಟುಮಾಡಬೇಕಾಗಿ ಬಂದಿತು. ಈಗ ಪಶ್ಚಿಮ ಕರಾವಳಿಯ ಉಗ್ರಾಣಗಳಲ್ಲಿ ಹಾಗೆಯೇ ಒಣಗಿಸಿದ ಬೀಜವನ್ನು ಹರಡಿ ಮುಂಗಾರಿನ ಗಾಳಿಗೆ ಒಡ್ಡುತ್ತಾರೆ. ಬೀಜವು ಘಟ್ಟದ ಮೇಲಿನದು. ಮಲಬಾರವು ಅದನ್ನು ಸಂಸ್ಕರಿಸುವ ಕರಾವಳಿಯ ಹೆಸರು. ಇಲ್ಲಿ ದೇಶನಾಮವು ಹುಟ್ಟನ್ನು ಹೇಳದೆ ಸಂಸ್ಕಾರವನ್ನು ಹೇಳುತ್ತದೆ.

ಎಲ್ಲಕ್ಕಿಂತ ಕುತೂಹಲಕರವಾದುದು ‘ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’. ಭಾರತದ ಅರೇಬಿಕಾಗಳಲ್ಲಿ ಬಹು ಮೇಲಾದುದೆಂದು ಪ್ರಸಿದ್ಧವಾದ ಈ ಹೆಸರನ್ನು ಕೇಳಿದವರು ಅದು ಮೈಸೂರಿನ ಬೀಜವೆಂದು ತಿಳಿಯುತ್ತಾರೆ. ಕಾಫಿ ಬೋರ್ಡಿನ ವಿವರಣೆಯಂತೆ ಅದು ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಬಿಳಿಗಿರಿಗಳಿಂದ ಮಾತ್ರವಲ್ಲದೆ ಕೊಡಗಿನಿಂದಲೂ ತಮಿಳುನಾಡಿನ ಶೆವರಾಯ್ ಬೆಟ್ಟಗಳಿಂದಲೂ ಬರಬಹುದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದುದು 1956ರಲ್ಲಿ. ಶೆವರಾಯ್ ಆಗಲೂ ಸೇರಲಿಲ್ಲ. ರಾಜ್ಯದ ಹೆಸರೇ 1973ರಲ್ಲಿ ಕರ್ನಾಟಕವಾಯಿತು. ಇಷ್ಟಾದರೂ ಮೂಟೆಯ ಮೇಲೆ ಮೈಸೂರು ಉಳಿದಿದೆ. ಅಲ್ಲಿ ಅದರ ಅರ್ಥ ‘ಬಹು ದಪ್ಪವಾದ, ತೊಳೆದು ಸಂಸ್ಕರಿಸಿದ ಅರೇಬಿಕಾ’ ಎಂದಷ್ಟೆ. ಇದು ದೇಶನಾಮದ ವೇಷದಲ್ಲಿರುವ ದರ್ಜೆ.

ಇನ್ನು ದರ್ಜೆಯ ವಿಚಾರ. ಹಣ್ಣನ್ನು ಕೊಯ್ದ ಮೇಲೆ ಎರಡು ದಾರಿಗಳುಂಟು. ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆಯನ್ನು ಹುಳಿಯಿಸಿ ತೊಳೆದು, ಬೀಜದ ಮೇಲಿನ ತೆಳುಹೊಟ್ಟಿನ ಸಮೇತ ಒಣಗಿಸುವುದೊಂದು; ಹಣ್ಣನ್ನು ಇದ್ದಂತೆಯೇ ಕಣದಲ್ಲಿ ಹರಡಿ ಒಣಗಿಸುವುದು ಇನ್ನೊಂದು. ಮೊದಲನೆಯದನ್ನು ಬೆಳೆಗಾರರು ‘ಪಾರ್ಚ್‌ಮೆಂಟ್’ ಎನ್ನುತ್ತಾರೆ, ಎರಡನೆಯದನ್ನು ‘ಚೆರಿ’ ಎನ್ನುತ್ತಾರೆ. ಬರೆಯುವ ಚರ್ಮಪತ್ರದಂತೆ ಹೊಟ್ಟು ಬೆಳ್ಳಗೆ ಒಣಗಿರುವುದರಿಂದ ಪಾರ್ಚ್‌ಮೆಂಟ್ ಎಂಬುದು ಸಾದೃಶ್ಯಮೂಲವಾದ ಲಕ್ಷಣೆ. ಅದು ಹೊಟ್ಟಿನಿಂದ ಹೊಟ್ಟಿನೊಳಗಿನ ಬೀಜಕ್ಕೆ ಸಾಗಿತು. ಕ್ಯೂರಿಂಗ್ ಕಾರ್ಖಾನೆಯಲ್ಲಿ ಹೊಟ್ಟನ್ನು ತೆಗೆದ ಮೇಲೆ ತೊಳೆದ ಅರೇಬಿಕಾಗೆ ‘ಪ್ಲಾಂಟೇಶನ್’ ಎಂದು ಹೆಸರು. ತೊಳೆದ ರೋಬಸ್ಟಾಗಾದರೋ ಹೊಟ್ಟು ಹೋದ ಮೇಲೂ ಪಾರ್ಚ್‌ಮೆಂಟ್ ಎಂದೇ ಹೆಸರು! ಪ್ಲಾಂಟೇಶನ್ ಎಂದರೆ ತೋಟ. ಹಾಗೆ ನೋಡಿದರೆ ಚೆರಿಯೂ ತೋಟದಲ್ಲಿಯೇ ಬೆಳೆದುದಲ್ಲವೇ ಎಂದು ಕೇಳುವವನಿಗೆ ರೂಢಿಯೇ ಉತ್ತರ.

ಹೊಟ್ಟು ತೆಗೆದ ಬೀಜವನ್ನು ಜರಡಿಗಳಲ್ಲಿ ಆಡಿಸುತ್ತಾರೆ. ಅಂಗುಲವನ್ನು 64 ಭಾಗ ಮಾಡಿದರೆ ರಂಧ್ರದ ವ್ಯಾಸವು ಅದರಲ್ಲಿ ಎಷ್ಟು ಭಾಗವೋ ಅದೇ ಜರಡಿಯ ಸಂಖ್ಯೆ. 18ನೆಯ ಜರಡಿಯ ಮೇಲೆ, ಎಂದರೆ ಸುಮಾರು 7.1 ಮಿಲಿಮೀಟರಿನ ರಂಧ್ರದ ಮೇಲೆ, ನೂರಕ್ಕೆ 90 ಪಾಲು ನಿಂತರೆ ‘ಪ್ಲಾಂಟೇಶನ್ ಎಎ’. 17ನೆಯದರ ಮೇಲೆ ನಿಂತರೆ ‘ಎ’. ಅದಕ್ಕೂ ಸಣ್ಣದು ‘ಬಿ’, ‘ಸಿ’. 7.5 ಮಿಲಿಮೀಟರಿನ ಜರಡಿಯ ಮೇಲೆ ನಿಲ್ಲುವುದೇ ಮೇಲೆ ಹೇಳಿದ ನಗೆಟ್ಸ್. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದು ದುಂಡಗಾದುದು ‘ಪೀಬೆರಿ’. ಕಪ್ಪಾದುದು, ಒಡೆದುದು, ಹುಳು ಹಿಡಿದುದು ಇವುಗಳ ಪ್ರಮಾಣಕ್ಕೂ ಮಿತಿಯುಂಟು. ಗಾತ್ರವೂ ದೋಷರಾಹಿತ್ಯವೂ ದರ್ಜೆಯ ಲಕ್ಷಣಗಳು. ಊರೂ ರುಚಿಯೂ ಜರಡಿಯಲ್ಲಿ ಸಿಕ್ಕುವುದಿಲ್ಲ. ಗಾತ್ರವು ಸಮನಾಗಿದ್ದರೆ ಬೀಜವು ಒಂದೇ ಹದದಲ್ಲಿ ಹುರಿಯುತ್ತದೆ. ಜರಡಿಯ ನಿಜವಾದ ಪ್ರಯೋಜನವು ಅದು. ಬೆಂಗಳೂರು, ಮೈಸೂರುಗಳ ಪುಡಿಯಂಗಡಿಗಳಲ್ಲಿ ‘ಪೀಬೆರಿ ಎಷ್ಟು, ಪ್ಲಾಂಟೇಶನ್ ಎಷ್ಟು’ ಎಂದು ಗಂಭೀರವಾಗಿ ಚರ್ಚೆಮಾಡಿ, ಕೊನೆಗೆ ಯಥೇಷ್ಟವಾಗಿ ಚಿಕೋರಿ ಬೆರೆಸಿಕೊಂಡು ಹೋಗುವವರು ಇದನ್ನು ಲಕ್ಷಿಸುವುದಿಲ್ಲ. ರುಚಿಯನ್ನು ಅರಿಯಬೇಕಾದರೆ ಕುಡಿದೇ ನೋಡಬೇಕು. ಅದಕ್ಕೆ ನೂರು ಅಂಕಗಳ ಬೇರೊಂದು ಪರೀಕ್ಷೆಯುಂಟು. 80 ಅಥವಾ ಅದಕ್ಕೂ ಮೇಲೆ ಬಂದುದು ವಿಶಿಷ್ಟವೆನ್ನಿಸಿಕೊಳ್ಳುತ್ತದೆ.

ದೇಶವನ್ನೂ ಗುಣವನ್ನೂ ಬೇರ್ಪಡಿಸಿ ನೋಡುವ ಪದ್ಧತಿಯು ಈ ದೇಶಕ್ಕೆ ಹೊಸದಲ್ಲ. ಮೈಸೂರಿನಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಲೀಯ ಅರ್ಥಶಾಸ್ತ್ರದಲ್ಲಿ ಮುತ್ತುಗಳನ್ನು ಮೊದಲು ತಾಮ್ರಪರ್ಣಿಕ, ಪಾಂಡ್ಯಕವಾಟಕ ಮುಂತಾಗಿ ಹುಟ್ಟಿದೆಡೆಯಿಂದ ಎಣಿಸಿ, ಆ ಮೇಲೆ ಅದಕ್ಕೆ ಸಂಬಂಧವಿಲ್ಲದೆ ದಪ್ಪ, ದುಂಡು, ಕಾಂತಿ, ತೂಕಗಳೆಂಬ ಗುಣಗಳನ್ನು ಹೇಳಿದೆ. ಬೆಲೆಯ ನಿಯಮವನ್ನಾದರೋ ಪಣ್ಯಾಧ್ಯಕ್ಷನ ಪ್ರಕರಣದಲ್ಲಿ ಬೇರೆಯಾಗಿ ಇಟ್ಟಿದೆ.

ಕಾಫಿಯ ಬೆಲೆಯೂ ಹಾಗೆಯೇ ಬೇರೆಡೆಯಲ್ಲಿ ಹುಟ್ಟುತ್ತದೆ. ಅರೇಬಿಕಾಗೆ ನ್ಯೂಯಾರ್ಕಿನ ಪೇಟೆಯಲ್ಲಿ ಪೌಂಡಿಗೆ ಇಷ್ಟು ಸೆಂಟೆಂದೂ, ರೋಬಸ್ಟಾಗೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರೆಂದೂ ನಿಶ್ಚಯವಾಗುತ್ತದೆ. ಆ ಮೊತ್ತಕ್ಕೆ ಊರು, ದರ್ಜೆ, ಕೀರ್ತಿಗಳಿಗಾಗಿ ಸ್ವಲ್ಪ ಕೂಡಿಸುವುದೋ ಕಳೆಯುವುದೋ ಉಂಟು. ಚಿಕ್ಕಮಗಳೂರಿನ ಬೆಳೆಗಾರನು ಮಾರುವುದು 50 ಕಿಲೋಗ್ರಾಮಿನ ಪಾರ್ಚ್‌ಮೆಂಟ್ ಮೂಟೆ. ಹೊಟ್ಟು ತೆಗೆದರೆ ಅದರಲ್ಲಿ ದೊರೆಯುವ ಬೀಜವು ಸುಮಾರು 40 ಕಿಲೋಗ್ರಾಮು, ಎಂದರೆ 88 ಪೌಂಡು. 2001ರಲ್ಲಿ ನ್ಯೂಯಾರ್ಕಿನ ಬೆಲೆಯು ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿದಿತ್ತು. ಆ ಲೆಕ್ಕದಲ್ಲಿ ಮೂಟೆಯ ಬೀಜಕ್ಕೆ 44 ಡಾಲರೂ ಆಗಲಿಲ್ಲ. 2025ರ ಫೆಬ್ರವರಿಯಲ್ಲಿ ಅದೇ ಪೇಟೆಯಲ್ಲಿ ಬೆಲೆಯು 4 ಡಾಲರನ್ನು ದಾಟಿತು. ಅದೇ ಮೂಟೆಗೆ 350 ಡಾಲರಿಗೂ ಮೇಲಾಯಿತು. ಇದರಲ್ಲಿ ಕ್ಯೂರಿಂಗಿನ ಖರ್ಚು, ಸಾಗಣೆ, ವರ್ತಕನ ಲಾಭಗಳು ಕಳೆಯತಕ್ಕವು. ಬೆಟ್ಟವೂ ಜರಡಿಯೂ ಎರಡು ಕಾಲದಲ್ಲಿಯೂ ಅವೇ ಇದ್ದವು. ಬ್ರೆಜಿಲಿನಲ್ಲಿ ಮಳೆ ಬಾರದಿದ್ದರೆ ಇಲ್ಲಿ ಬೆಲೆ ಏರುತ್ತದೆ, ಅಲ್ಲಿ ಸುಭಿಕ್ಷವಾದರೆ ಇಲ್ಲಿಯ ತೋಟವು ಸಾಲಕ್ಕೆ ಬೀಳುತ್ತದೆ.

ದರ್ಜೆಯ ಹೆಸರು ಊರಿನ ಹೆಸರನ್ನು ನುಂಗಿದುದಕ್ಕೆ ಚರಿತ್ರೆಯಲ್ಲಿಯೂ ಕಾರಣವಿದೆ. 1942ರ ಕಾಫಿ ಕಾನೂನಿನ ಮೇರೆಗೆ ಬೆಳೆಗಾರರು ತಮ್ಮ ಬೆಳೆಯನ್ನು ಬೋರ್ಡಿನ ಪೂಲಿಗೆ ಒಪ್ಪಿಸಬೇಕಾಗಿದ್ದಿತು. ಅಲ್ಲಿ ತೋಟದ ಗುರುತು ಅಳಿದು, ಬೀಜದ ದರ್ಜೆಯಂತೆ ಅಂಕಗಳನ್ನು ಕೊಟ್ಟು, ಮಾರಾಟವಾದ ಮೇಲೆ ಕಂತುಗಳಲ್ಲಿ ಹಣವನ್ನು ಹಂಚುತ್ತಿದ್ದರು. ಯುದ್ಧಕಾಲದಲ್ಲಿ ಕೊಳ್ಳುವವರಿಲ್ಲದೆ ಕಂಗೆಟ್ಟ ಬೆಳೆಗಾರನಿಗೆ ಇದು ಆಸರೆಯಾಯಿತೆಂಬುದನ್ನು ಮರೆಯಲಾಗದು. ಆದರೆ ಗಿರಿಯ ಮೇಲೆ ಕಷ್ಟಪಟ್ಟು ಬೆಳೆದ ‘ಎ’ಗೂ ತಗ್ಗಿನಲ್ಲಿ ಬೆಳೆದ ‘ಎ’ಗೂ ಭೇದವಿಲ್ಲದಂತಾಗಿ, ಊರಿನ ಹೆಸರನ್ನು ಕಾಪಾಡಿಕೊಳ್ಳುವುದರಿಂದ ಲಾಭವಿಲ್ಲದೆ ಹೋಯಿತು. ಈ ಕಡ್ಡಾಯವು 1996ರಲ್ಲಿ ಪೂರ್ಣವಾಗಿ ನಿಂತಿತು.

ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಕೂರ್ಗ್ ಅರೇಬಿಕಾ ಎಂಬ ಹೆಸರುಗಳು 2019ರಲ್ಲಿ ಭೌಗೋಳಿಕ ಸೂಚನೆಯ ಕಾನೂನಿನ ಕೆಳಗೆ ನೊಂದಾವಣೆಯಾದವು. ಇದರಿಂದ ದೇಶನಾಮವು ಮತ್ತೆ ಯೌಗಿಕವಾಗತಕ್ಕದ್ದು: ಆ ಸೀಮೆಯಲ್ಲಿ ಬೆಳೆಯದುದಕ್ಕೆ ಆ ಹೆಸರನ್ನು ಇಡುವಂತಿಲ್ಲ. ಆದರೆ ನೊಂದಾವಣೆಯು ರುಚಿಗೂ ಬೆಲೆಗೂ ಹೊಣೆಯಲ್ಲ. ಬೆಳೆಗಾರನು ತಾನೂ ಅಧಿಕೃತ ಬಳಕೆದಾರನಾಗಿ ಹೆಸರು ಬರೆಯಿಸಿ, ಕೊಯ್ಲಿನಿಂದ ಕ್ಯೂರಿಂಗಿನವರೆಗೆ ತನ್ನ ಬೀಜವನ್ನು ಬೇರೆಯವರ ಬೀಜದೊಡನೆ ಬೆರೆಯದಂತೆ ಇಟ್ಟುಕೊಳ್ಳಬೇಕು. ನಾಲ್ಕಾರು ಎಕರೆಯ ಸಣ್ಣ ಹಿಡುವಳಿದಾರನಿಗೆ ಇದು ಸುಲಭವಲ್ಲ. ಕೆಲವೇ ಮೂಟೆಗಳ ಅವನ ಬೆಳೆಯನ್ನು ಊರಿನ ವರ್ತಕನು ಮನೆಯ ಬಾಗಿಲಿನಲ್ಲಿಯೇ ಕೊಂಡು ಹತ್ತು ತೋಟಗಳ ಬೆಳೆಯೊಡನೆ ಸುರಿಯುತ್ತಾನೆ. ಈ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಗಳಿಗೆ, ಅದರಲ್ಲಿಯೂ ಇಟಲಿಗೆ, ಹೋಗುತ್ತದೆ. ಅಲ್ಲಿ ಹುರಿಯುವವರು ಅದನ್ನು ಬೇರೆ ದೇಶಗಳ ಬೀಜದೊಡನೆ ಕೂಡಿಸಿ, ತಮ್ಮ ಹೆಸರನ್ನು ಮುದ್ರಿಸಿದ ಪೊಟ್ಟಣಗಳಲ್ಲಿ ಮಾರುತ್ತಾರೆ.