ಕಪಾಟಿನ ಕ್ಯಾಸೆಟ್ಟಿನಿಂದ ಚಾವಡಿಯ ಟೀವಿಗೆ

ಬೆಳ್ಮಣ್ಣಿನ ಪಕ್ಕದ ನಂದಳಿಕೆ ಕವಿ ಮುದ್ದಣನ ಊರು. ಅವನು ಬರೆದ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಯಕ್ಷಗಾನ ಪ್ರಸಂಗಗಳನ್ನು ಭಾಗವತರು ಇಂದಿಗೂ ಹಾಡುತ್ತಾರೆ. ಮುದ್ದಣ ತೀರಿಕೊಂಡದ್ದು 1901ರಲ್ಲಿ. ಗ್ರಾಮೊಫೋನ್ ಕಂಪನಿಯವರು ಭಾರತಕ್ಕೆ ಬಂದು ಕಲ್ಕತ್ತದಲ್ಲಿ ಮೊದಲ ಧ್ವನಿಮುದ್ರಣ ನಡೆಸಿದ್ದು ಅದರ ಮರುವರ್ಷ. ಹಾಗಾಗಿ ಮುದ್ದಣನ ದನಿ ಹೇಗಿತ್ತೆಂದು ಕೇಳುವ ಭಾಗ್ಯ ಯಾರಿಗೂ ಇಲ್ಲ. ಭಾಗವತ ಗುಂಡ್ಮಿ ಕಾಳಿಂಗ ನಾವಡರು ಚಿಕ್ಕ ವಯಸ್ಸಿನಲ್ಲೇ, 1990ರಲ್ಲಿ, ಅಗಲುವ ಹೊತ್ತಿಗೆ ಕ್ಯಾಸೆಟ್ ಕರಾವಳಿಯ ಮನೆಮನೆಗೂ ಬಂದಾಗಿತ್ತು, ಅವರ ದನಿ ಅದರಲ್ಲಿ ಉಳಿಯಿತು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಪದಗಳೂ ಹೀಗೆಯೇ ಉಳಿದಿವೆ.

ಪ್ರಸಿದ್ಧರ ದನಿಯನ್ನು ಕಾಯುವವರು ಹಲವರಿದ್ದಾರೆ. ಆದರೆ ಬೆಳ್ಮಣ್, ಶಿರ್ವ, ಮುಂಡ್ಕೂರು ಕಡೆಯ ಮನೆಗಳ ಕಪಾಟಿನಲ್ಲಿ ಬೇರೊಂದು ಸಂಪತ್ತಿದೆ. ಮದುವೆಯ ವಿಎಚ್‌ಎಸ್ ಕ್ಯಾಸೆಟ್, ಕೊಲ್ಲಿಯಿಂದ ಬಂದವರು ತಂದ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಬಯಲಾಟ, ಅಜ್ಜಿ ಹೇಳಿದ ಪಾಡ್ದನ, ಕುಟುಂಬದ ಮನೆಯ ನೇಮದ ವಿಸಿಡಿ, ಮೊನ್ನೆ ಮೊಬೈಲಿನಲ್ಲಿ ತೆಗೆದ ಮಗುವಿನ ತೊಟ್ಟಿಲು ಶಾಸ್ತ್ರ. ಇವಕ್ಕೆ ಇನ್ನೊಂದು ಪ್ರತಿ ಲೋಕದಲ್ಲೆಲ್ಲೂ ಇಲ್ಲ. ಇವನ್ನೆಲ್ಲ ಒಂದು ಸಣ್ಣ ಕಂಪ್ಯೂಟರಿಗೆ ತುಂಬಿಸಿ, ಚಾವಡಿಯ ಟೀವಿಯಲ್ಲಿ ರಿಮೋಟಿನ ಗುಂಡಿ ಒತ್ತಿದರೆ ಬರುವಂತೆ ಮಾಡಬಹುದು. ಇಂಥ ಕಂಪ್ಯೂಟರಿಗೆ ಮೀಡಿಯಾ ಸರ್ವರ್ ಎನ್ನುತ್ತಾರೆ.

ಮೊದಲು ಟೇಪಿನ ಆಯುಷ್ಯದ ಮಾತು. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಒಂದು ಅಂಟಿನಿಂದ ಹಿಡಿಸಿರುತ್ತಾರೆ. ಆ ಕಣಗಳ ಕಾಂತೀಯ ದಿಕ್ಕಿನಲ್ಲೇ ದನಿ, ಚಿತ್ರ ಅಡಗಿರುವುದು. ಕಣಗಳು ಗಟ್ಟಿ, ಅಂಟು ದುರ್ಬಲ. ಗಾಳಿಯ ತೇವವನ್ನು ಹೀರಿ ಅದು ನಿಧಾನಕ್ಕೆ ಒಡೆಯುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಭಜನೆ ಎಂದು ಹೆಸರು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಆಟಿ ತಿಂಗಳ ಕಪಾಟಿನೊಳಗೆ ಏನಾಗುತ್ತದೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಪ್ಲೇಯರಿಗೆ ಹಾಕಲೇಬಾರದು. ಬೂಷ್ಟು ಯಂತ್ರದ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥದ್ದನ್ನು ಬೇರೆಯಾಗಿ ಇಟ್ಟು, ಒಣಗಿಸಿ, ಬಲ್ಲವರಿಂದ ಸ್ವಚ್ಛಗೊಳಿಸಬೇಕು.

ದನಿ, ದೃಶ್ಯಗಳನ್ನು ದಾಖಲಿಸಿ ಕಾಯುವ ಕೆಲಸಕ್ಕೆ ಉಡುಪಿಯ ನೆಲದಲ್ಲಿ ದೊಡ್ಡ ಪರಂಪರೆಯೇ ಇದೆ. ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಭೂತಾರಾಧನೆಗಳ ದಾಖಲಾತಿಗೆ ಹೆಸರಾಯಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ತಂಡ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ಧ್ವನಿ, ವಿಡಿಯೋ ಎರಡರಲ್ಲೂ ಮುದ್ರಿಸಿಕೊಂಡಿತು. ಅದರಿಂದ ಹೊರಬಂದ ಪಠ್ಯ 15,683 ಸಾಲುಗಳದ್ದು. 1998ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ನಂದಳಿಕೆಯ ಸಿರಿ ಜಾತ್ರೆಗೆ ಹೋಗುವ ಬೆಳ್ಮಣ್ಣಿನವರಿಗೆ ಆ ಕತೆ ಹೊಸದಲ್ಲ. ಅಷ್ಟು ಅಚ್ಚುಕಟ್ಟು ಮನೆಯಲ್ಲಿ ಸಾಧ್ಯವಾಗದಿರಬಹುದು, ಆದರೆ ದಾರಿ ಒಂದೇ: ಮೊದಲು ಮೂಲಕ್ಕೆ ನಿಷ್ಠವಾದ ಒಂದು ಪ್ರತಿ, ಆಮೇಲೆ ಬಳಕೆಯ ಪ್ರತಿ, ಜೊತೆಗೆ ಯಾರು, ಎಲ್ಲಿ, ಯಾವಾಗ ಎಂಬ ಬರಹ.

ಲೆಕ್ಕ ಹಾಕಿದರೆ ಜಾಗದ ಹೆದರಿಕೆ ಇಳಿಯುತ್ತದೆ. ಮೂರು ಗಂಟೆಯ ಒಂದು ವಿಎಚ್‌ಎಸ್ ಕ್ಯಾಸೆಟ್ಟನ್ನು ಸೆಕೆಂಡಿಗೆ 4 ಮೆಗಾಬಿಟ್‌ನಂತೆ ವಿಡಿಯೋ ಕಡತವಾಗಿಸಿದರೆ ಸುಮಾರು 5.4 ಜಿಬಿ ಆಗುತ್ತದೆ. ಅಂದರೆ ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ನೂರೆಂಬತ್ತಕ್ಕೂ ಹೆಚ್ಚು ಕ್ಯಾಸೆಟ್ ಹಿಡಿಯುತ್ತವೆ. ತೊಂಬತ್ತು ನಿಮಿಷದ ಆಡಿಯೋ ಕ್ಯಾಸೆಟ್ ಏನನ್ನೂ ಕುಗ್ಗಿಸದೆ ಇಟ್ಟರೂ ಒಂದು ಜಿಬಿ ದಾಟದು. ವಿಸಿಡಿಯನ್ನು ಮತ್ತೆ ಮುದ್ರಿಸುವ ಅಗತ್ಯವೇ ಇಲ್ಲ, ಅದು ಈಗಾಗಲೇ ಡಿಜಿಟಲ್; ಡಿಸ್ಕು ಗೀರು ಬಿದ್ದು ಕೆಡುವ ಮೊದಲು ನಕಲು ಮಾಡಿಕೊಂಡರಾಯಿತು.

ವಿಡಿಯೋವನ್ನು ಕುಗ್ಗಿಸುವ ವಿದ್ಯೆಯನ್ನು ತಿಳಿಯಲು ಯಕ್ಷಗಾನಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ತಾಳಮದ್ದಳೆಯ ವಿಡಿಯೋ ತೆಗೆದುಕೊಳ್ಳಿ. ಅರ್ಥಧಾರಿಗಳು ಕುಳಿತಲ್ಲೇ ಕುಳಿತಿರುತ್ತಾರೆ, ಹಿಂದಿನ ಪರದೆ ಅಲುಗದು. ಸೆಕೆಂಡಿಗೆ 25 ಚಿತ್ರಗಳಲ್ಲಿ ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವೆಂದರೆ ತುಟಿ, ಕೈ ಅಷ್ಟೇ. ವಿಡಿಯೋ ಕುಗ್ಗಿಸುವ ತಂತ್ರಾಂಶವಾದ ಸಂಕೇತಕ ಮೊದಲ ಚಿತ್ರವನ್ನು ಪೂರ್ತಿ ಬರೆದಿಟ್ಟು, ಆಮೇಲೆ ಬದಲಾದ ಭಾಗವನ್ನಷ್ಟೇ ದಾಖಲಿಸುತ್ತದೆ. ಅದೇ ರಂಗಸ್ಥಳಕ್ಕೆ ಪುಂಡುವೇಷ ಬಂದು ಧೀಂಗಿಣ ಹಾಕತೊಡಗಿದರೆ ಚಿತ್ರದ ಮೂಲೆಮೂಲೆಯೂ ಬದಲಾಗುತ್ತದೆ, ಬರೆದಿಡಬೇಕಾದ ಮಾಹಿತಿ ಹಲವು ಪಟ್ಟು ಏರುತ್ತದೆ. ಜಾಗ ಉಳಿಸಲು ಹೋಗಿ ಬಿಟ್‌ರೇಟ್ (ಸೆಕೆಂಡಿಗೆ ಇಷ್ಟು ಬಿಟ್ ಎಂಬ ಲೆಕ್ಕ) ತೀರಾ ಇಳಿಸಿದ ಆಟದ ವಿಡಿಯೋಗಳಲ್ಲಿ ಧೀಂಗಿಣದ ಹೊತ್ತಿಗೆ ಚೌಕಚೌಕಗಳು ಕಾಣುವುದು ಇದಕ್ಕೇ. 2003ರಲ್ಲಿ ಬಂದ ಎಚ್.264, ಅದಕ್ಕಿಂತ ಸುಮಾರು ಅರ್ಧ ಜಾಗದಲ್ಲೇ ಅದೇ ಗುಣಮಟ್ಟ ಕೊಡುವ ಗುರಿಯಿಟ್ಟು 2013ರಲ್ಲಿ ಬಂದ ಎಚ್.265, ಇವೆಲ್ಲ ಈ ಲೆಕ್ಕಾಚಾರದ ಬೇರೆ ಬೇರೆ ವಿಧಾನಗಳು.

ಮೀಡಿಯಾ ಸರ್ವರಿನ ಸುಖ, ಸಂಕಟ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಟೀವಿಗೆ ಆ ವಿಧಾನ ಗೊತ್ತಿದ್ದರೆ ಸರ್ವರ್ ಕಡತವನ್ನು ಇದ್ದಂತೆಯೇ ದಾಟಿಸುತ್ತದೆ, ಅದಕ್ಕೆ ಶ್ರಮವೇ ಇಲ್ಲ. ಗೊತ್ತಿಲ್ಲದಿದ್ದರೆ ಪ್ರತಿ ಚಿತ್ರವನ್ನೂ ಬಿಚ್ಚಿ, ಟೀವಿಗೆ ತಿಳಿಯುವ ವಿಧಾನದಲ್ಲಿ ಮತ್ತೆ ಕಟ್ಟಿ ಕೊಡಬೇಕು. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ 20,73,600 ಬಿಂದುಗಳು. ಸೆಕೆಂಡಿಗೆ 25 ಚಿತ್ರವೆಂದರೆ ಐದು ಕೋಟಿಗೂ ಮಿಕ್ಕಿದ ಬಿಂದುಗಳ ಕೆಲಸ. ಹಳೆಯ ಕಂಪ್ಯೂಟರ್ ಇಲ್ಲಿ ಏದುಸಿರು ಬಿಡುತ್ತದೆ. ಇಂಟೆಲ್ 2011ರಿಂದ ತನ್ನ ಪ್ರೊಸೆಸರುಗಳಲ್ಲಿ ಇದಕ್ಕೆಂದೇ ‘ಕ್ವಿಕ್ ಸಿಂಕ್’ ಎಂಬ ಪ್ರತ್ಯೇಕ ಭಾಗ ಕೊಡತೊಡಗಿತು. ಮನೆಯವರು ತಾವೇ ಕಡತಗಳನ್ನು ಮಾಡುವುದಾದರೆ ಎಲ್ಲವನ್ನೂ ಎಚ್.264ರಲ್ಲೇ ಮಾಡುವುದು ಜಾಣತನ. ಈಗಿನ ಟೀವಿ, ಮೊಬೈಲುಗಳಲ್ಲಿ ಅದನ್ನರಿಯದವು ಅಪರೂಪ.

ಯಂತ್ರಕ್ಕೆ ದೊಡ್ಡ ಖರ್ಚು ಬೇಡ. ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಸಾಕು. ಬ್ಯಾಟರಿ ಉಬ್ಬಿಲ್ಲವೆಂದು ಮಾತ್ರ ನೋಡಿಕೊಳ್ಳಬೇಕು. ಚೆನ್ನಾಗಿದ್ದರೆ ಅದೇ ಯುಪಿಎಸ್ಸಿನ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಜೆಲ್ಲಿಫಿನ್ ಎಂಬ ಉಚಿತ, ಮುಕ್ತ ತಂತ್ರಾಂಶ ಹಾಕಬಹುದು. ಎಂಬಿ ಎಂಬ ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿದಾಗ 2018ರಲ್ಲಿ ಅದರಿಂದ ಕವಲೊಡೆದು ಬಂದದ್ದು ಇದು. ಚಾವಡಿಯ ಟೀವಿಗೆ ಜೋಡಿಸಲು 2012ರಲ್ಲಿ 35 ಡಾಲರ್ ಬೆಲೆಗೆ ಆರಂಭವಾದ ರಾಸ್ಪ್‌ಬೆರಿ ಪೈ ಬಳಗದ ಪುಟ್ಟ ಕಂಪ್ಯೂಟರ್, ಅದರಲ್ಲಿ ಕೋಡಿ ತಂತ್ರಾಂಶ. ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಯಂತ್ರದಲ್ಲಿ ಸಿನಿಮಾ ನೋಡಲೆಂದು ಹವ್ಯಾಸಿಗಳು ಬರೆದ ಎಕ್ಸ್‌ಬಿಎಂಸಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. ಪೈಗೊಂದು ವಿಶೇಷ ಗುಣವಿದೆ: ಎಚ್‌ಡಿಎಂಐ ತಂತಿಯ ಮೂಲಕವೇ ಟೀವಿಯ ರಿಮೋಟಿನ ಆಜ್ಞೆಗಳನ್ನು ಓದಿಕೊಳ್ಳುತ್ತದೆ. ಕೀಬೋರ್ಡು, ಮೌಸು ಮುಟ್ಟದ ಅಜ್ಜನಿಗೂ ತನ್ನ ಮದುವೆಯ ವಿಡಿಯೋ ಕೈಗೆಟಕುವುದು ಈ ಸಣ್ಣ ಸೌಲಭ್ಯದಿಂದ. 24 ಗಂಟೆಯೂ 5 ವಾಟ್ ಬಳಸುವ ಪೆಟ್ಟಿಗೆ ವರ್ಷಕ್ಕೆ ಸುಮಾರು 44 ಯುನಿಟ್ ಕರೆಂಟ್ ತಿನ್ನುತ್ತದೆ. 80 ವಾಟಿನ ಡೆಸ್ಕ್‌ಟಾಪ್ ಅದೇ ರೀತಿ ಉರಿದರೆ 700 ಯುನಿಟ್.

ಕರಾವಳಿಯ ಮನೆಗೆ ಎರಡು ತೊಡಕುಗಳಿವೆ. ಒಂದು, ಕೆಂಪುಕಲ್ಲಿನ ದಪ್ಪ ಗೋಡೆ. ಮಳೆಗಾಲದಲ್ಲಿ ನೀರು ಕುಡಿದ ಇಂಥ ಗೋಡೆ ವೈಫೈ ಅಲೆಗಳನ್ನು, ಅದರಲ್ಲೂ 5 ಗಿಗಾಹರ್ಟ್ಸಿನದನ್ನು, ಚೆನ್ನಾಗಿಯೇ ಕುಗ್ಗಿಸುತ್ತದೆ. ಸರ್ವರಿನಿಂದ ಟೀವಿಯವರೆಗೆ ಒಂದು ಈಥರ್ನೆಟ್ ತಂತಿ ಎಳೆದುಬಿಟ್ಟರೆ ಆ ಚಿಂತೆ ಮುಗಿಯಿತು.

ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲೂ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲೂ ಇದರ ಕಾಟ ಹೆಚ್ಚು. ಇಂಟರ್‌ನೆಟ್ ತರುವ ಫೈಬರಿನ ಎಳೆ ಗಾಜು, ಅದರಲ್ಲಿ ವಿದ್ಯುತ್ ಹರಿಯದು. ಆದರೆ ಕಂಬದಿಂದ ಮನೆಗೆ ಬರುವ ಕೇಬಲಿಗೆ ಬಲಕ್ಕೆಂದು ಉಕ್ಕಿನ ಸರಿಗೆ ಸೇರಿಸಿರುವುದುಂಟು. ಆ ಸರಿಗೆ ಹೊರಗೋಡೆಯಲ್ಲೇ ನಿಲ್ಲಬೇಕು. ಮಾಡಿನ ಮೇಲಿನ ಡಿಶ್ಶನ್ನು ಹಲವರು ಮರೆಯುತ್ತಾರೆ. ಅದರ ತಂತಿಯಲ್ಲಿ ಇಳಿದ ವಿದ್ಯುತ್ತಿನ ಹೊಡೆತ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ದಾಟಬಲ್ಲದು. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಬೇಕು, ಡಿಶ್ಶಿನ ತಂತಿಯನ್ನೂ ಕಳಚಬೇಕು, ಅದೂ ಗುಡುಗು ದೂರದಲ್ಲಿರುವಾಗಲೇ. ಒಳ್ಳೆಯ ಅರ್ಥಿಂಗ್ ಇಲ್ಲದ ಮನೆಯಲ್ಲಿ ದುಬಾರಿ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಧ ಕೆಲಸ ಮಾತ್ರ ಮಾಡೀತು.

ಆದ್ದರಿಂದಲೇ ಒಂದೇ ಡಿಸ್ಕನ್ನು ನಂಬುವಂತಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ದೂರ ಎಂಬುದು ಡಿಜಿಟಲ್ ಕಡತಗಳನ್ನು ಕಾಯುವ ವೃತ್ತಿಯವರ ನಿಯಮ. ಬೆಳ್ಮಣ್ಣಿನ ಕುಟುಂಬಗಳಿಗೆ ಮೂರನೆಯದು ಸಲೀಸು: ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಮನೆಯಲ್ಲಿ ಒಂದು ಡಿಸ್ಕ್ ಇಟ್ಟು, ಊರಿಗೆ ಬಂದಾಗಲೆಲ್ಲ ಹೊಸದನ್ನು ಸೇರಿಸಿಕೊಂಡರಾಯಿತು. ದೂರದಿಂದಲೇ ನೋಡಬೇಕೆಂದರೆ ರೂಟರಿನ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದು ಅಪಾಯ; ವೈರ್‌ಗಾರ್ಡ್‌ನಂಥ ಗೂಢಲಿಪಿಯ ಖಾಸಗಿ ಸಂಪರ್ಕ ಬಳಸುವುದು ಸರಿ.

ಎಲ್ಲವನ್ನೂ ಯೂಟ್ಯೂಬಿಗೆ ಏರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಬಯಲಾಟಕ್ಕೆ, ಕಲಾವಿದರ ಒಪ್ಪಿಗೆ ಇದ್ದರೆ, ಆ ಮಾತು ಸರಿ. ಆದರೆ ಕುಟುಂಬದ ದೈವದ ನೇಮ, ನುಡಿ, ತೀರಿಕೊಂಡ ಹಿರಿಯರ ಅಂತಿಮ ದಿನಗಳು ಊರೆಲ್ಲ ನೋಡುವುದಕ್ಕಲ್ಲ. ಕಟ್ಟುಕಟ್ಟಳೆ ಮೀರಿ ನೇಮದ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹಾರುವುದನ್ನು ಕಂಡು ನೊಂದವರು ತುಳುನಾಡಿನಲ್ಲಿ ಬಹಳ. ಯಾರು ನೋಡಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸುವ ಹಕ್ಕು ಉಳಿಯಬೇಕಾದರೆ ಕಡತವೂ ಮನೆಯಲ್ಲೇ ಇರಬೇಕು. ಮನೆಯ ಸರ್ವರಿನ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿಲ್ಲ.

ಹೆಸರಿಡುವುದರಲ್ಲಿ ಸೋಮಾರಿತನ ಬೇಡ. ‘ವಿಡಿಯೋ 17’ ಎಂಬ ಕಡತ ಹತ್ತು ವರ್ಷದ ಬಳಿಕ ಯಾರಿಗೂ ಬೇಡವಾಗುತ್ತದೆ. ವರ್ಷ, ಊರು, ಸಂದರ್ಭವನ್ನು ಕನ್ನಡದಲ್ಲೇ ಬರೆಯಬಹುದು, ಯೂನಿಕೋಡ್ ಇರುವುದರಿಂದ ತೊಂದರೆಯಿಲ್ಲ. ಜೆಲ್ಲಿಫಿನ್‌ನಲ್ಲಿ ಇವನ್ನು ‘ಮನೆಯ ವಿಡಿಯೋ’ ವಿಭಾಗಕ್ಕೇ ಸೇರಿಸಬೇಕು. ಸಿನಿಮಾ ವಿಭಾಗಕ್ಕೆ ಹಾಕಿದರೆ ಅದು ಅಂತರ್ಜಾಲದಲ್ಲಿ ಹುಡುಕಿ ಅಕ್ಕನ ಮದುವೆಗೆ ಯಾವುದೋ ಚಲನಚಿತ್ರದ ಪೋಸ್ಟರ್ ಅಂಟಿಸೀತು.

ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯಿ, 2016ರ ಜುಲೈಯಲ್ಲಿ ಉತ್ಪಾದನೆ ನಿಲ್ಲಿಸಿತು. ಈಗ ಓಡುತ್ತಿರುವವೆಲ್ಲ ಹಳೆಯ ಯಂತ್ರಗಳು, ಅವುಗಳ ಹೆಡ್ ದಿನೇ ದಿನೇ ಸವೆಯುತ್ತಿದೆ. ಸರ್ವರನ್ನು ಮುಂದಿನ ವರ್ಷವೂ ಕಟ್ಟಬಹುದು. ಕ್ಯಾಸೆಟ್ಟುಗಳನ್ನು ಮಾತ್ರ ಈ ಬೇಸಿಗೆಯಲ್ಲೇ, ಮಳೆ ಹಿಡಿಯುವ ಮೊದಲು, ಕಪಾಟಿನಿಂದ ಹೊರತೆಗೆಯಿರಿ. ಅದರಲ್ಲಿರುವ ಮುಖಗಳನ್ನು ಗುರುತಿಸಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅತ್ಯಂತ ಹಳೆಯದರಿಂದ ಕೆಲಸ ಶುರುಮಾಡಿ.